ಒಂದೇ ಕಿವಿಗೆ ಬೇಕಾದ ಮೈಕು

ನನ್ನ ಮೊಮ್ಮಗಳ ದನಿ ಪಾಸಾಯಿತು.

ಪರೀಕ್ಷೆಯಲ್ಲ, ದನಿ. ಕಣ್ಣು ಕಾಣದ ಮಕ್ಕಳಿಗಾಗಿ ಪಾಠದ ಪುಸ್ತಕಗಳನ್ನು ಓದಿಸಿ, ರೆಕಾರ್ಡ್ ಮಾಡಿ ಕೊಡುವ ಒಂದು ಸಂಸ್ಥೆಯಿದೆ. ಅವರು ಮೊನ್ನೆ ಬುಧವಾರ ಬೆಳಿಗ್ಗೆ ಫೋನ್ ಮಾಡಿದರು. ಏಳನೇ ಕ್ಲಾಸಿನ ಸಮಾಜ ವಿಜ್ಞಾನವನ್ನು ಪೂರ್ತಿ ಸುಷ್ಮಾಳೇ ಓದಲಿ ಎಂದರು. ಇನ್ನು ಮೇಲೆ ಯಾವ್ಯಾವುದೋ ಊರಿನ ಮಕ್ಕಳು ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡು, ಕುಂಭಾಶಿಯ ನಮ್ಮ ಮನೆಯ ಹುಡುಗಿಯ ದನಿಯಲ್ಲಿ ರಾಜರ ಕತೆ, ನದಿಗಳ ಕತೆ ಕಲಿಯುತ್ತಾರೆ.

ಸಂತೋಷ ಒಬ್ಬನೇ ಇಟ್ಟುಕೊಳ್ಳುವುದು ಹೇಗೆ? ಮೀನು ತಂದವಳಿಗೆ ಹೇಳಿದೆ. ಗ್ಯಾಸ್ ಸಿಲಿಂಡರ್ ಇಳಿಸಿದವನಿಗೆ ಹೇಳಿದೆ. ಆನೆಗುಡ್ಡೆಗೆ ಹತ್ತಿ ಹೋಗಿ ಗಣಪತಿಗೂ ಹೇಳಿ ಬಂದೆ. (ಅವನು ದೊಡ್ಡ ಕಿವಿಯವನು, ಕೇಳಿಸಿಕೊಂಡಿರುತ್ತಾನೆ.) ಈಗ ನಿಮಗೆ ಹೇಳುತ್ತಿದ್ದೇನೆ.

ಆದರೆ ಈ ದನಿ ಎರಡು ಸಲ ಫೇಲಾಗಿತ್ತು. ಎರಡನೇ ಸಲ ಫೇಲಾದದ್ದು ನನ್ನಿಂದ.

ಪ್ರತಿ ವಾರ ಈ ಅಂಕಣ ಓದುವವರಿಗೆ ನನ್ನ ಜಾತಕ ಗೊತ್ತು. ಹೊಸಬರಿಗೆ ಹೇಳುತ್ತೇನೆ. ನಾನು ಮೈಕ್ ಶೀನಣ್ಣ, ಓದಿದ್ದು ಐದನೇ ಕ್ಲಾಸು. ಆಮೇಲೆ ನಲವತ್ತು ವರ್ಷ ಮೈಕ್ ಸೆಟ್ ಬಾಡಿಗೆಗೆ ಕೊಟ್ಟು ಬದುಕಿದೆ. ಬೈಂದೂರಿನಿಂದ ಬ್ರಹ್ಮಾವರದವರೆಗೆ ಮದುವೆ, ಶಾಲೆಯ ವಾರ್ಷಿಕೋತ್ಸವ, ಯಕ್ಷಗಾನದ ಆಟ, ಓಟಿನ ಪ್ರಚಾರ, ಎಲ್ಲಕ್ಕೂ ನನ್ನದೇ ಹಾರ್ನ್, ನನ್ನದೇ ಬಾಕ್ಸ್. ಆರು ವರ್ಷದ ಹಿಂದೆ ಎಲ್ಲ ಮಾರಿದೆ. ಒಂದು ಮೈಕ್ ಮಾತ್ರ ಇಟ್ಟುಕೊಂಡೆ. ಈಗ ನನ್ನ ಕೆಲಸ ಏನು? ಜಗಲಿಯಲ್ಲಿ ಕೂತು ಹೈವೇಯಲ್ಲಿ ಹೋಗುವ ಬಸ್ಸು ನೋಡುವುದು.

ಮನೆ ಖಾಲಿಯಿಲ್ಲ. ಮಗ ಇದ್ದಾನೆ, ಕುಂದಾಪುರದಲ್ಲಿ ಸಣ್ಣ ಹೋಟೆಲು. ಬೆಳಿಗ್ಗೆ ಐದು ಗಂಟೆಗೆ ಹೋದರೆ ರಾತ್ರಿ ಒಂಬತ್ತು ಗಂಟೆಗೆ ಬರುತ್ತಾನೆ. ಸೊಸೆ ಜ್ಯೋತಿ ಇದ್ದಾಳೆ, ಹೊಲಿಗೆ ಮಿಷಿನಿನ ಮುಂದೆ. ಸುಷ್ಮಾ ಇದ್ದಾಳೆ, ಡಿಗ್ರಿಯ ಕೊನೇ ವರ್ಷ. ಎಲ್ಲರೂ ಇದ್ದಾರೆ. ಅವರವರ ಕಿವಿಗೆ ಅವರವರ ಇಯರ್‌ಫೋನ್. ನನ್ನ ಹೆಂಡತಿ ಗಿರಿಜಾ ಹೋಗಿ ಮೂರು ವರ್ಷವಾಯಿತು. ಆಮೇಲೆ ನನ್ನ ಜೊತೆ ಮನೆಯವರು ಆಡುವ ಮಾತು ಎರಡೇ. "ಊಟ ಆಯ್ತಾ?" "ಮಾತ್ರೆ ತಕಂಡ್ರ್ಯಾ?" ಎರಡಕ್ಕೂ ತಲೆ ಆಡಿಸಿದರೆ ಸಾಕು, ಬಾಯಿ ಬೇಡ.

ಇಂಥ ಮನೆಯಲ್ಲಿ ಒಂದು ಮಧ್ಯಾಹ್ನ ಸುಷ್ಮಾ ನನ್ನ ಹತ್ತಿರ ಬಂದು ಕೂತಳು. ಮುಖ ಸಣ್ಣದಾಗಿತ್ತು.

ಫೋನಿನಲ್ಲಿ ಓದಿ ಕಳಿಸಿದ್ದಳಂತೆ. ಆ ಸಂಸ್ಥೆಯ ಮೇಡಂ, ದನಿ ಚೆನ್ನಾಗಿದೆ, ಓದುವ ರೀತಿಯೂ ಚೆನ್ನಾಗಿದೆ, ಆದರೆ 'ಸ', 'ಶ' ಬಂದಾಗಲೆಲ್ಲ ಕಿವಿಗೆ ಚುಚ್ಚುತ್ತದೆ ಎಂದರಂತೆ. "ನಮ್ಮ ಮಕ್ಕಳು ದಿನಕ್ಕೆ ಮೂರು ನಾಲ್ಕು ಗಂಟೆ ಇಯರ್‌ಫೋನಿನಲ್ಲಿ ಕೇಳುತ್ತಾರಮ್ಮ, ಅವರಿಗೆ ತಲೆನೋವು ಬರುತ್ತದೆ" ಎಂದರಂತೆ. ಸರಿ ಮಾಡಿ ಕಳಿಸಲು ಇನ್ನೆರಡು ಅವಕಾಶ.

ಸುಷ್ಮಾಳ ಮುಂದಿನ ಎರಡು ಹಲ್ಲಿನ ನಡುವೆ ಒಂದು ಸಂದಿಯಿದೆ. ಮಾತಿನ ನಡುವೆ ಶಿಳ್ಳೆ ಬರುತ್ತದೆಂದು ಶಾಲೆಯಲ್ಲಿ ಮಕ್ಕಳು ಅವಳನ್ನು "ಸೀಟಿ" ಎಂದು ಕರೆಯುತ್ತಿದ್ದರು. ಪ್ರಾರ್ಥನೆ ಹೇಳಲು ಒಂದು ದಿನವೂ ಅವಳನ್ನು ನಿಲ್ಲಿಸಲಿಲ್ಲ. ಅವಳು ನಾಲ್ಕು ಜನರ ಎದುರು ಮಾತಾಡುವುದನ್ನೇ ಬಿಟ್ಟಳು. ಈಗ ತಾನಾಗಿ ಓದಲು ಹೊರಟಿದ್ದಳು. ಇದೂ ತಪ್ಪಿದರೆ ಆ ಬಾಯಿ ಮತ್ತೆ ತೆರೆಯುತ್ತದೆಯೇ?

ಒಂದು ಹೊಸ ಮೈಕ್ ತರಿಸಿದಳು. ವಿಡಿಯೋದಲ್ಲಿ ಯಾರೋ ಇದೇ ಬೆಸ್ಟು ಎಂದಿದ್ದರಂತೆ. ಉದ್ದನೆಯದು, ಚಿನ್ನದ ಬಣ್ಣದ ಜಾಲರಿ, ನೋಡಲು ಮದುಮಗನ ಹಾಗಿತ್ತು. ಜೊತೆಗೆ ಬಾಯಿಯ ಎದುರು ಇಡಲು ಒಂದು ಕಪ್ಪು ಬಟ್ಟೆಯ ಜರಡಿ. (ಅದು 'ಪ', 'ಬ' ಎನ್ನುವಾಗ ಹೊಡೆಯುವ ಗಾಳಿ ತಡೆಯುತ್ತದೆ. 'ಸ' ಅದಕ್ಕೆ ಬಗ್ಗುವುದಿಲ್ಲ, ಜರಡಿಯಲ್ಲಿ ನೀರು ನಿಲ್ಲಿಸಿದ ಹಾಗೆ.) ಓದಿ, ಹೆಡ್‌ಫೋನನ್ನು ನನ್ನ ತಲೆಗೆ ಹಾಕಿದಳು.

"ಅಜ್ಜಯ್ಯ, ಒಂಚೂರ್ ಕೇಣಿ. ಸಮಾ ಇತ್ತಾ ಇಲ್ಯಾ, ನೀವೇ ಹೇಳಿ."

ನೀವೇ ಹೇಳಿ. ಎಷ್ಟು ಕಾಲವಾಗಿತ್ತು ಈ ಮಾತು ಕೇಳಿ. ಎದೆ ಉಬ್ಬಿತು. ಕಣ್ಣು ಮುಚ್ಚಿ ಕೇಳಿದೆ. ಚುಚ್ಚುವುದು, ಗಿಚ್ಚುವುದು ಒಂದೂ ಇರಲಿಲ್ಲ. ಹಳೇ ರೇಡಿಯೋದ ಹಾಗೆ ಮೆತ್ತಗಿತ್ತು.

"ಫಸ್ಟ್ ಕ್ಲಾಸ್ ಇತ್ತ್ ಮಗಾ. ಕಳ್ಸ್."

"ಖಾತ್ರಿಯಾ?"

"ನಲ್ವತ್ತ್ ವರ್ಷ ಮೈಕ್ ಹಿಡ್ದ ಕೈ ಇದ್. ಖಾತ್ರಿ ಅಲ್ದೆ ಮತ್ತೆಂತ?"

ಕಳಿಸಿದಳು. ಎರಡು ದಿನದಲ್ಲಿ ಉತ್ತರ ಬಂತು. ಮೊದಲಿಗಿಂತ ಜಾಸ್ತಿ ಚುಚ್ಚುತ್ತಿದೆ, ಬರುವ ಶನಿವಾರದೊಳಗೆ ಇನ್ನೊಂದು ಸಲ ಕಳಿಸಿ, ಅದೇ ಕೊನೆ.

ಅವಳು ನನ್ನನ್ನು ಬೈಯಲಿಲ್ಲ. ಬೈದಿದ್ದರೆ ಎಷ್ಟೋ ಸುಖವಿತ್ತು. ಸುಮ್ಮನೆ ಹೆಡ್‌ಫೋನ್ ಎತ್ತಿಕೊಂಡು ತನ್ನ ಕೋಣೆಗೆ ಹೋದಳು. ಕಂಪ್ಯೂಟರಿನಲ್ಲಿ 'ಸ'ದ ಸದ್ದು ಇಳಿಸುವ ಯಾವುದೋ ವಿದ್ಯೆ ಮಾಡಿದಳಂತೆ. ಜಾಸ್ತಿ ಇಳಿಸಿದರೆ ನಾಲಿಗೆ ದಪ್ಪವಾದವರು ಓದಿದ ಹಾಗೆ ಆಗುತ್ತಿತ್ತಂತೆ. ಇದನ್ನೆಲ್ಲ ಅವಳು ತನ್ನ ಅಮ್ಮನಿಗೆ ಹೇಳುತ್ತಿದ್ದಳು. ನನ್ನ ಹತ್ತಿರ ಬರಲಿಲ್ಲ. ಮೂರು ದಿನ ನಾನು ಜಗಲಿಯಲ್ಲಿ ಕೂತು, ಈಗ ಬರುತ್ತಾಳೆ, ಈಗ ಕೇಳುತ್ತಾಳೆ ಎಂದು ಬಾಗಿಲು ನೋಡಿದೆ. ಒಂದು ಸಲ ಕೇಳಿ ಮತ್ತೆ ಕೇಳದೆ ಇರುವುದಿದೆಯಲ್ಲ, ಅದು ಒಂದು ಸಲವೂ ಕೇಳದೇ ಇರುವುದಕ್ಕಿಂತ ಕಷ್ಟ.

ನಾಲ್ಕನೇ ದಿನ ತಡೆಯಲಾಗಲಿಲ್ಲ. ಅಟ್ಟಕ್ಕೆ ಹತ್ತಿ ನನ್ನ ಹಳೇ ಮೈಕ್ ಇಳಿಸಿದೆ. ಮುಂಬೈಯಿಂದ ತರಿಸಿದ್ದು, ಸ್ಟೀಲಿನ ತಲೆ. ಹಟ್ಟಿಯಂಗಡಿಯ ಗದ್ದೆಯಲ್ಲಿ ಆಟ ನಡೆಯುವಾಗ "ಕೆಂಪು ಫ್ರಾಕಿನ ಮಗುವೊಂದು ಸಿಕ್ಕಿದೆ" ಎಂದು ಇದರಲ್ಲಿ ಹೇಳಿದರೆ ಗದ್ದೆಯ ಆ ತುದಿಯಲ್ಲಿ ಕಡ್ಲೆ ಮಾರುವವನಿಗೂ ಕೇಳುತ್ತಿತ್ತು. ಹೊಸ ಮದುಮಗ ಇದರ ಎದುರು ಯಾವ ಲೆಕ್ಕ?

ಸುಷ್ಮಾಳನ್ನು ಬಲವಂತದಿಂದ ಕೂರಿಸಿದೆ. ವಯರು ಸಿಕ್ಕಿಸಿ, ಒಂದು ಸಣ್ಣ ಸ್ಪೀಕರಿನಲ್ಲಿ ಬಿಟ್ಟೆ. ಅವಳು ಒಂದು ಸಾಲು ಓದಿದಳೋ ಇಲ್ಲವೋ, ಒಳಗೆ ಹೊಲಿಗೆ ಮಿಷಿನ್ ನಿಂತಿತು. ಜ್ಯೋತಿ ಎರಡೂ ಕಿವಿ ಮುಚ್ಚಿಕೊಂಡು ಹೊರಗೆ ಬಂದಳು.

"ಅದ್ ಎಂತ ಮಾವ? ಮಿಷಿನ್ ಸೂಜಿ ಕಿವಿಗ್ ಹಾಕಿ ಹೊಲ್ದಂಗ್ ಆತ್ತ್. ಬಂದ್ ಮಾಡಿ ಕಾಂಬ."

ಸುಷ್ಮಾ ನಕ್ಕಳು. ಜ್ಯೋತಿ ನಕ್ಕಳು. ನಾನೂ ನಕ್ಕೆ. ಯಾಕೆ ನಗುತ್ತಿದ್ದೇವೆಂದು ನನಗೆ ಗೊತ್ತಿರಲಿಲ್ಲ. ನನಗೆ ಕೇಳಿದ್ದು ಅದೇ ಮೆತ್ತಗಿನ ದನಿ.

ಸುಷ್ಮಾ ನಗು ನಿಲ್ಲಿಸಿ ನನ್ನ ಮುಖ ನೋಡಿದಳು.

"ಅಜ್ಜಯ್ಯ, ನಿಮ್ಗೆ ಅದ್ ಕೇಂತಿಲ್ಯಾ?"

ಕುಂದಾಪುರ ತಾಲೂಕಿನಲ್ಲಿ ಮೈಕ್ ಶೀನಣ್ಣ ಎಂದರೆ ಕಿವಿ. ಅವನಿಗೇ ಕೇಳುವುದಿಲ್ಲ ಎಂದರೆ?

"ಇಲ್ಲೆ ಮಗಾ. 'ಸ' ಅಂಬ್ದ್ ಕೇಂತಿಲ್ಲೆ. ಈಗ ಅಲ್ಲ, ಸುಮಾರ್ ವರ್ಷ ಆಯ್ತ್."

"ಹಾಂಗಾರೆ ಅವತ್ತ್ ಫಸ್ಟ್ ಕ್ಲಾಸ್ ಅಂದದ್ದ್?"

"ಸುಳ್ಳ್."

"ಎಂತಕೆ?"

"ನೀ ಬಂದ್ ಕೇಂಡ್ಯಲ್ಲ, ಅದೇ ಖುಷಿ. ಗೊತ್ತಾತಿಲ್ಲೆ ಅಂದ್ರೆ ನೀ ಎದ್ದ್ ಹೋತಿದ್ದೆ."

ಜ್ಯೋತಿ ಮಿಷಿನಿಗೆ ವಾಪಸು ಹೋಗಲಿಲ್ಲ, ಅಲ್ಲೇ ನೆಲದ ಮೇಲೆ ಕೂತಳು.

ಅವತ್ತು ಎಲ್ಲ ಹೇಳಿದೆ. ನಲವತ್ತು ವರ್ಷ ಹಾರ್ನಿನ ಬುಡದಲ್ಲೇ ಕೂತು ಕೂತು, ಮೇಲಿನ ಸ್ವರಗಳು ಒಂದೊಂದಾಗಿ ಹೋದವು. ಮೊದಲು ಹೋದದ್ದು ಬೆಳಗಿನ ಸಣ್ಣ ಹಕ್ಕಿಗಳು. ಆಮೇಲೆ ಗಡಿಯಾರದ ಅಲಾರಂ. ಆಮೇಲೆ ಮಾತಿನಿಂದ ಕೆಲವು ಅಕ್ಷರಗಳು. ಸದ್ದು ಕೇಳುತ್ತದೆ, ಅದರ ಅಂಚು ಕೇಳುವುದಿಲ್ಲ. ಇಲಿ ಕಡಿದ ಕಾಗದ ಓದಿದ ಹಾಗೆ. ಗಿರಿಜಾಳಿಗೆ ಮಾತ್ರ ಗೊತ್ತಿತ್ತು, ನಾನು ಹೇಳದೆಯೇ. ಮನೆಗೆ ಬಂದವರು ಏನಾದರೂ ಹೇಳಿದರೆ ಅವಳು ತನ್ನ ದಪ್ಪ ದನಿಯಲ್ಲಿ ಅದನ್ನೇ ಪ್ರಶ್ನೆ ಮಾಡುತ್ತಿದ್ದಳು. "ಹೌದಾ? ಶನಿವಾರ ಸೀಮಂತವಾ?" ಬಂದವರು, ಇವಳಿಗೆ ಇದೊಂದು ಅಭ್ಯಾಸ ಎಂದುಕೊಳ್ಳುತ್ತಿದ್ದರು. ಅವಳು ಕೇಳುತ್ತಿದ್ದದ್ದು ನನಗಾಗಿ. ಅವಳು ಹೋದ ದಿನ ನನ್ನ ಕಿವಿಯೂ ಹೋಯಿತು. ಆಮೇಲೆ ಮೂರು ವರ್ಷ ತಲೆ ಆಡಿಸಿದೆ, ಎಲ್ಲರೂ ನಕ್ಕಾಗ ನಕ್ಕೆ.

ನೀವೂ ನಿಮ್ಮ ಮನೆಯಲ್ಲಿ ಸುಮ್ಮನೆ ತಲೆ ಆಡಿಸುವವರನ್ನು ನೋಡಿರಬಹುದು. ಒಪ್ಪಿದರು ಎಂದುಕೊಂಡಿರಿ, ಅಲ್ಲವೇ?

ಮರುದಿನ ಬ್ರಹ್ಮಾವರಕ್ಕೆ ಬಸ್ಸು ಹತ್ತಿದೆ. ಅಲ್ಲಿ ವಾಸು ಇದ್ದಾನೆ. ಹಿಂದೆ ನನ್ನ ಜೊತೆ ಕೆಲಸ ಮಾಡಿದವನು, ಈಗ ಅವನದೇ ದೊಡ್ಡ ಸೌಂಡ್ಸು.

"ಹ್ವಾಯ್, ಮೈಕ್ ಶೀನಣ್ಣ! ಬದ್ಕಿದ್ರ್ಯಾ ಮಾರಾಯ್ರೆ?"

"ಇಲ್ಲೆ, ನಿನ್ನ ಕಾಂಬುಕೆ ಭೂತ ಬಂದದ್ದ್."

ವಿಷಯ ಹೇಳಿದೆ. ನನ್ನ ಸ್ಟೀಲಿನ ತಲೆಯ ಮೈಕಿನ ಮಾತು ಬಂದಾಗ ಅವನು ತಲೆ ಚಚ್ಚಿಕೊಂಡ.

"ನಿಮ್ಗೆ ಮಂಡೆ ಇತ್ತಾ? ಅದ್ ಗದ್ದಿಗ್ ಮಾಡದ್ದ್. ಗೌಜಿ ಗಲಾಟಿ ಮಧ್ಯ ಮಾತ್ ಹೊರಗ್ ಬರ್ಕ್ ಅಂದ್ರೆ ಚೂಪ್ ಇರ್ಕ್. ಕಿವಿ ಒಳ್ಗೆ ಇಟ್ಕಂಡ್ ಕೇಂಬುಕೆ ಚೂಪ್ ಎಂತಕೆ?"

"ಆ ಹೊಸ್ದ್? ಉದ್ದದ್ದ್?"

"ಅದ್ ಇರುವೆ ಹೋದ ಸದ್ದನ್ನೂ ಬಿಡುದಿಲ್ಲೆ. ಹಲ್ಲಿನ ಸಂದಿ ಇದ್ದವ್ರಿಗ್ ಅದ್ ಹಿಡ್ಸುದಿಲ್ಲೆ." ಕಪಾಟು ತೆಗೆದು ಮೂರು ಮೈಕ್ ಚೀಲಕ್ಕೆ ಹಾಕಿದ. ಒಂದು ದಪ್ಪ ಗಿಡ್ಡ ಕಪ್ಪು ಮೈಕ್ ತೋರಿಸಿ ಹೇಳಿದ: "ಇದ್ ಡೈನಾಮಿಕ್. ಮೇಲಿನ ಸ್ವರ ಒಂಚೂರ್ ತಗ್ಗ್. ಮಾತಾಡುಕೆ ಲಾಯ್ಕ್. ಆದ್ರೆ ನಾ ಹೇಳ್ದೆ ಅಂದೇಳಿ ಇಟ್ಕಣ್ಬೇಡಿ. ಮೂರೂ ಅವ್ಳ್ ಬಾಯಿ ಎದ್ರಿಗ್ ಇಟ್ಟ್, ಕಿವಿ ಸಮಾ ಇದ್ದವ್ರ್ ಹತ್ರ ಕೇಣಿ. ನಿಮ್ಮ ಹತ್ರ ಅಲ್ಲ. ನನ್ನ ಹತ್ರವೂ ಅಲ್ಲ."

"ನಿಂದೂ ಹೋಯ್ತಾ?"

"ಎಡದ್ದ್ ಪೂರ್ತಿ. ಹೆಂಡ್ತಿ ಎಡಬದಿ ಕೂತ್ರೆ ಆರಾಮ್."

ವಾಪಸು ಬರುವಾಗ ಬಸ್ಸಿನಲ್ಲಿ ಮೂರು ಮೈಕನ್ನು ಮೊಟ್ಟೆಯ ಹಾಗೆ ತೊಡೆಯ ಮೇಲೆ ಇಟ್ಟುಕೊಂಡು ಯೋಚಿಸಿದೆ. ನಲವತ್ತು ವರ್ಷ ನಾನು ಮೈಕ್ ಟೆಸ್ಟ್ ಮಾಡಿದ್ದು ಹೇಗೆ? ಹಲೋ, ಹಲೋ, ಒನ್, ಟೂ, ತ್ರೀ, ಫೋರ್. ಅಷ್ಟೇ. ಎಲ್ಲ ಮೈಕಿನವರೂ ಹಾಗೆಯೇ. ಆ ಮಾತುಗಳಲ್ಲಿ ಒಂದಾದರೂ 'ಸ' ಇದೆಯೇ? ಇನ್ನೆರಡು ಹೆಜ್ಜೆ ಹೋಗಿ ಫೈವ್, ಸಿಕ್ಸ್ ಎಂದಿದ್ದರೆ ನನ್ನ ಕಿವಿಯ ಕತೆ ನನಗೆ ಇಪ್ಪತ್ತು ವರ್ಷ ಮೊದಲೇ ತಿಳಿಯುತ್ತಿತ್ತು. ನಾಲ್ಕಕ್ಕೇ ನಿಲ್ಲಿಸಿ, ಎಲ್ಲ ಸರಿಯಿದೆ ಎಂದುಕೊಂಡು, ಮುಂದಿನ ಮದುವೆಗೆ ಹೋದೆ.

ಮತ್ತೊಂದು ಹೊಳೆಯಿತು. ನಾನು ಮೈಕ್ ಆರಿಸಿದ್ದೆಲ್ಲ ಸಾವಿರ ಜನರಿಗೆ ಕೇಳಲಿ ಎಂದು. ಒಂದೇ ಒಂದು ಕಿವಿಗೆ ಹಿತವಾಗಲಿ ಎಂದು ಆರಿಸಲೇ ಇಲ್ಲ. ಮೈಕ್ ಬಿಡಿ, ಮನೆಯಲ್ಲಿ ನಾವು ಮಾತಾಡುವುದು ಹೇಗೆ? ಮಗ ಗೇಟಿನಿಂದಲೇ "ಊಟ ಆಯ್ತಾ" ಎನ್ನುತ್ತಾನೆ, ಗದ್ದೆಯ ಮೈಕಿನಲ್ಲಿ ಹೇಳಿದ ಹಾಗೆ, ಯಾರಿಗೆ ಎಂದೇ ತಿಳಿಯುವುದಿಲ್ಲ. ನಾನಾದರೂ ಏನು ಕಡಿಮೆ? ಜ್ಯೋತಿ ಹದಿನೆಂಟು ವರ್ಷಗಳಿಂದ ಹೊಲಿಯುತ್ತಿದ್ದಾಳೆ. ಅವಳ ಬೆನ್ನು ನೋಯುತ್ತದೆಯೇ ಎಂದು ಒಂದು ದಿನ ಹತ್ತಿರ ಕೂತು ಕೇಳಿದ್ದೇನೆಯೇ?

ಶುಕ್ರವಾರ ಮಧ್ಯಾಹ್ನ ನಮ್ಮ ಕೆಲಸ ಸುರುವಾಯಿತು. ಸುಷ್ಮಾಳ ಕೋಣೆ ಪೂರ್ತಿ ಟೈಲ್ಸು, ಚಪ್ಪಾಳೆ ತಟ್ಟಿದರೆ ಗೋಡೆ ತಿರುಗಿ ತಟ್ಟುತ್ತದೆ. ಚೂಪಾದ ಸದ್ದು ಅಂಥ ಗೋಡೆಗೆ ಹೊಡೆದು ವಾಪಸು ಮೈಕಿಗೇ ಬರುತ್ತದೆ. ಇದಕ್ಕೆ ಕಿವಿ ಬೇಡ, ಅನುಭವ ಸಾಕು. ಮೂರು ವರ್ಷದಿಂದ ಸುತ್ತಿಟ್ಟಿದ್ದ ಗಿರಿಜಾಳ ಹತ್ತಿ ಹಾಸಿಗೆ ಬಿಡಿಸಿ, ಸುಷ್ಮಾಳ ಬೆನ್ನ ಹಿಂದೆ ಗೋಡೆಗೆ ನಿಲ್ಲಿಸಿದೆ. ಸ್ವಲ್ಪ ಹೊತ್ತು ಅದನ್ನು ಹಿಡಿದುಕೊಂಡೇ ನಿಂತೆ. ಬೀಳುತ್ತದೇನೋ ಎಂದು.

ಕಿವಿ ಯಾರು? ಜ್ಯೋತಿ.

"ನಾಳಿಗ್ ಮೂರ್ ಬ್ಲೌಸ್ ಕೊಡುದ್ ಇತ್ತ್" ಎಂದು ಗೊಣಗುತ್ತಲೇ ಮಿಷಿನ್ ನಿಲ್ಲಿಸಿ ಬಂದಳು. ಅವಳನ್ನು ಆ ಕಡೆ ಮುಖ ಮಾಡಿ ಸ್ಟೂಲಿನ ಮೇಲೆ ಕೂರಿಸಿ ಹೆಡ್‌ಫೋನ್ ಹಾಕಿದೆವು. ಯಾವ ಮೈಕ್ ಎಂದು ಅವಳಿಗೆ ಕಾಣಬಾರದು. ಕಂಡರೆ ಕಣ್ಣು ಚೆಂದದ್ದನ್ನೇ ಆರಿಸುತ್ತದೆ. ಓದಲು ಒಂದೇ ಸಾಲು, ಸುಷ್ಮಾಳೇ ಕಟ್ಟಿದ್ದು: "ಸೋಮವಾರ ಸಂಜೆ ಶಾರದೆಯ ಸೊಸೆ ಸಾಸಿವೆ ಸಿಡಿಸಿ ಸೌತೆಯ ಸಾರು ಮಾಡಿದಳು."

ಮೊದಲನೆಯದಕ್ಕೆ ಜ್ಯೋತಿಯ ಹೆಗಲು ಮೇಲಕ್ಕೆ ಹೋಯಿತು. "ದಬ್ಬಣ."

ಎರಡನೆಯದಕ್ಕೆ, "ಇದ್ ಸೂಜಿ."

ಮೂರನೆಯದು ವಾಸು ತೋರಿಸಿದ ಗಿಡ್ಡ ಕಪ್ಪಿನದು. ಜ್ಯೋತಿಯ ಹೆಗಲು ಇಳಿಯಿತು. "ಇದ್ ಅಡ್ಡಿಲ್ಲೆ. ಆದ್ರೆ ಅಲ್ಲಲ್ ಒಂಚೂರ್ ಚುಚ್ಚುತ್ತ್. ಶಾರದೆ ಹತ್ರ."

ಒಂಚೂರು ಚುಚ್ಚಿದರೂ ಆ ಮಕ್ಕಳ ಕಿವಿಗೆ ಮೂರು ಗಂಟೆ ಚುಚ್ಚುತ್ತದೆ. ಸುಷ್ಮಾ ಸೋತು ಕೈ ಚೆಲ್ಲಿದಳು. "ಸಾಕ್ ಅಜ್ಜಯ್ಯ. ನನ್ನ ಹಲ್ಲೇ ಹಾಂಗ್ ಇತ್ತ್."

ನನಗೆ ಕೇಳುವುದಿಲ್ಲ. ನಿಜ. ಆದರೆ 'ಸ' ಎಂದರೆ ಏನು? ಗಾಳಿ. ಗಾಳಿ ತಿಳಿಯಲು ಕಿವಿಯೇ ಬೇಕೇ?

ಬಚ್ಚಲಿಗೆ ಹೋಗಿ ಅಂಗೈಯ ಹಿಂಬದಿ ಒದ್ದೆ ಮಾಡಿಕೊಂಡು ಬಂದೆ. ಅವಳ ಬಾಯಿಯ ಎದುರು ಹಿಡಿದೆ. "ಸ ಅಂತಾ ಇರ್ ಮಗಾ."

ಬಂತು. ತಣ್ಣಗೆ, ದಾರದ ಹಾಗೆ, ಕೈಯ ನಟ್ಟನಡುವಿಗೆ. ಎಷ್ಟೋ ವರ್ಷಗಳ ಮೇಲೆ 'ಸ' ನನ್ನ ಹತ್ತಿರ ಬಂದಿತ್ತು, ಚರ್ಮದ ಮೇಲೆ. ಕೈಯನ್ನು ಮೆಲ್ಲ ಬಲಕ್ಕೆ ಸರಿಸಿದೆ. ದಾರ ತೆಳುವಾಯಿತು. ಇನ್ನೂ ಸ್ವಲ್ಪ ಬಲಕ್ಕೆ, ಗಲ್ಲದ ಮಟ್ಟಕ್ಕೆ ಇಳಿಸಿದೆ. ಇಲ್ಲ. ತಣ್ಣಗಿಲ್ಲ. ಮಾತು ಬರುತ್ತಿದೆ, ಗಾಳಿ ಬರುತ್ತಿಲ್ಲ. 'ಶ' ಅನ್ನಿಸಿದೆ. ಅಲ್ಲಿಯೂ ಇಲ್ಲ.

ಕಪ್ಪು ಮೈಕನ್ನು ಸರಿಯಾಗಿ ಆ ಜಾಗಕ್ಕೆ ತಂದೆ. ಬಾಯಿಯಿಂದ ಒಂದು ಗೇಣು ದೂರ, ಎದುರಿಗಲ್ಲ, ಬದಿಗೆ. ಮುಖ ಮಾತ್ರ ಬಾಯಿಯ ಕಡೆಗೆ. ಗುಟ್ಟು ಹೇಳುವಾಗ ಬದಿಯಲ್ಲಿ ಕೂರುತ್ತೇವಲ್ಲ, ಹಾಗೆ.

"ಈಗ ಓದ್."

ಓದಿದಳು. ನಾನು ಜ್ಯೋತಿಯ ಹೆಗಲನ್ನೇ ನೋಡುತ್ತಿದ್ದೆ. ಶಾರದೆ ಬಂದಳು, ಹೋದಳು. ಸಾಸಿವೆ ಸಿಡಿಯಿತು. ಹೆಗಲು ಅಲುಗಲಿಲ್ಲ. ಓದು ಮುಗಿದ ಮೇಲೂ ಅವಳು ತಿರುಗಲಿಲ್ಲ. ಹೆಡ್‌ಫೋನ್ ತೆಗೆದು ಮಡಿಲಲ್ಲಿಟ್ಟುಕೊಂಡಳು.

"ಮಾವ, ಇವ್ಳ್ ದನಿ ಇಷ್ಟ್ ಲಾಯ್ಕ್ ಇತ್ತ್ ಅಂದೇಳಿ ನಂಗೇ ಗೊತ್ತಿರ್ಲಿಲ್ಲ."

ಅದನ್ನೇ ಶನಿವಾರ ಕಳಿಸಿದೆವು. ಬುಧವಾರ ಪಾಸು.

ಆ ಮೇಡಂ ಒಂದು ಮಾತು ಹೇಳಿದರಂತೆ. ಕೇಳಿ ನೋಡಿದ ಮಗುವೊಂದು, ಈ ಅಕ್ಕ ದೂರ ನಿಂತು ಓದುತ್ತಿಲ್ಲ, ನನ್ನ ಪಕ್ಕವೇ ಕೂತಿದ್ದಾಳೆ ಎಂದಿತಂತೆ. ಇದನ್ನು ಸುಷ್ಮಾ ನನಗೆ ಎರಡು ಸಲ ಹೇಳಿದಳು. ಮೊದಲ ಸಲವೇ ತಿಳಿದಿತ್ತು, ಆದರೂ ಇನ್ನೊಂದು ಸಲ ಹೇಳಿಸಿದೆ.

ಅವತ್ತು ಮಗ ಹೋಟೆಲು ಬೇಗ ಮುಚ್ಚಿ ಏಳು ಗಂಟೆಗೇ ಬಂದ. ಕೋಳಿ ಸಾರು, ಗರಿಗರಿ ಒಣ ರೊಟ್ಟಿ. ನಾಲ್ಕೂ ಜನ ಒಟ್ಟಿಗೆ ಕೂತೆವು. ಹೀಗೆ ಕೂತು ಎಷ್ಟು ತಿಂಗಳಾಯಿತು ಎಂದು ಯಾರಿಗೂ ನೆನಪಿರಲಿಲ್ಲ. ಸುಷ್ಮಾ ತನ್ನ ಓದನ್ನು ಫೋನಿನಲ್ಲಿ ಹಾಕಿ ನಡುವೆ ಇಟ್ಟಳು. ಮಗ ರೊಟ್ಟಿ ಮುರಿಯುವುದನ್ನು ನಿಲ್ಲಿಸಿ ಕೇಳಿದ. ನನಗೆ ಎಂದಿನ ಹಾಗೆ ಅಲ್ಲಲ್ಲಿ ತೂತು. ಅವಳ ಹೆಸರೇ ನನಗೆ ಅರ್ಧ ಕೇಳುತ್ತದೆ. ಆದರೆ ಮೂವರ ಮುಖ ಪೂರ್ತಿ ಕಾಣುತ್ತಿತ್ತು.

ಆಮೇಲೆ ಎಲ್ಲರೂ ಒಮ್ಮೆಲೇ ಮಾತಿಗೆ ಸುರುಮಾಡಿದರು. ಕಿವಿ ಡಾಕ್ಟರು, ಮೆಷಿನು, ಯಾವ ದಿನ ಹೋಗುವುದು, ಹೀಗೆ ಏನೇನೋ. ಒಂದೂ ಸರಿಯಾಗಿ ಹಿಡಿಯಲಿಲ್ಲ. ಸುಷ್ಮಾ ನನ್ನ ಕಡೆ ತಿರುಗಿ ಏನೋ ಅಂದಳು. ನಾನು ತಲೆ ಆಡಿಸಿದೆ.

ಅವಳು ಬಿಡಲಿಲ್ಲ. "ಅಜ್ಜಯ್ಯ, ನಾನೀಗ ಎಂತ ಹೇಳ್ದೆ? ಹೇಳಿ ಕಾಂಬ."

ಸಿಕ್ಕಿಬಿದ್ದೆ. ಸುಷ್ಮಾ ತನ್ನ ಬಟ್ಟಲು ಎತ್ತಿಕೊಂಡು ನನ್ನ ಎದುರಿಗೇ ಬಂದು ಕೂತು, ನಿಧಾನ, ಮತ್ತೆ ಹೇಳಿದಳು.

ಸಾರಿಗೆ ಉಪ್ಪು ಒಂಚೂರು ಕಡಿಮೆಯಾಗಿದೆಯಂತೆ. ಇಷ್ಟು ಕೇಳಲು ನಾನು ಮೂರು ವರ್ಷ ಕಾದಿದ್ದೆ ಎಂದರೆ ನೀವು ನಂಬುತ್ತೀರಾ?